ಲೋಕಲ್ ಕಿಟಕಿಯಾಚೆಯ ಸಹ್ಯಾದ್ರಿ

ಕಳವಾ ಮತ್ತು ಮುಂಬ್ರಾ ನಡುವೆ ಪಾರ್ಸಿಕ್ ಬೆಟ್ಟವನ್ನು ಕೊರೆದು ಮಾಡಿದ 1.3 ಕಿಲೋಮೀಟರ್ ಉದ್ದದ ರೈಲು ಸುರಂಗವೊಂದಿದೆ. 1916ರಲ್ಲಿ ತೆರೆದದ್ದು. ಡೊಂಬಿವಲಿ, ಕಲ್ಯಾಣದ ನೌಕರಿದಾರರು ತಲೆಮಾರುಗಟ್ಟಲೆ ದಿನಕ್ಕೆರಡು ಸಲ ಈ ಕತ್ತಲನ್ನು ದಾಟಿ ಮುಂಬಯಿಗೆ ಹೋಗಿ ದುಡಿದು ಬಂದರು. 2022ರಲ್ಲಿ ಠಾಣೆ–ದಿವಾ ನಡುವೆ ಐದನೇ, ಆರನೇ ಹಳಿ ಶುರುವಾದ ಮೇಲೆ ಫಾಸ್ಟ್ ಲೋಕಲ್‌ಗಳು ಸುರಂಗ ಬಿಟ್ಟು ಹೊರಗಿನ ದಾರಿ ಹಿಡಿದವು. ಸುರಂಗ ಈಗ ದೂರದ ಊರಿನ ಗಾಡಿಗಳ ಪಾಲು. ಇದರಿಂದ ಆದ ಉಪಕಾರವೆಂದರೆ, ಇಷ್ಟು ವರ್ಷ ಬೆಟ್ಟದ ಒಳಗೆ ನುಸುಳಿ ಹೋಗುತ್ತಿದ್ದವರಿಗೆ ಈಗ ಬೆಟ್ಟವೇ ಪಕ್ಕದಲ್ಲಿ ಕಾಣುತ್ತದೆ. ಗರ್ದಿಯಲ್ಲಿ ಕುತ್ತಿಗೆ ತಿರುಗಿಸಲು ಜಾಗ ಸಿಕ್ಕರೆ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಮನೆ ಮಾಡಿದವರಿಗೆ ಸಮುದ್ರ ದೂರ, ಬೆಟ್ಟ ಹತ್ತಿರ. ಕರ್ಜತ್ ಲೋಕಲ್ ಹತ್ತಿ ಬಲಗಡೆ ಕೂತರೆ ಮೊದಲು ಮಲಂಗಗಡ, ಬದಲಾಪುರ ದಾಟಿದ ಮೇಲೆ ಮಾಥೆರಾನಿನ ಉದ್ದನೆಯ ಸಾಲು. ಕಸಾರಾ ಲೋಕಲ್‌ನಲ್ಲಿ ಎಡಗಡೆ ಕೂತರೆ ಆಸನ್‌ಗಾಂವ್ ಬಳಿ ಮಾಹುಲಿಯ ಚೂಪು ಶಿಖರಗಳು. ಪನವೇಲಿನಿಂದ ದಕ್ಷಿಣಕ್ಕೆ ನೋಡಿದರೆ ಕರ್ನಾಳಾ. ಇಷ್ಟಿದ್ದೂ ನಮ್ಮ ಕನ್ನಡಿಗರು ಈ ಬೆಟ್ಟಗಳಿಗೆ ಕಾಲಿಟ್ಟದ್ದು ಕಡಿಮೆ. ಭಾನುವಾರಕ್ಕೆ ಬಿಡುವಾದರೂ ಎಲ್ಲಿ? ಸಂಘದ ವಾರ್ಷಿಕೋತ್ಸವ, ತಾಳಮದ್ದಳೆ, ಅರಸಿನ ಕುಂಕುಮ, ಮಳೆಗಾಲದಲ್ಲಿ ತುಳುವರ ಆಟಿಡೊಂಜಿ ದಿನ, ಇವೆಲ್ಲದರ ನಡುವೆ ಯಾರದ್ದೋ ಮದುವೆ. ಘಟ್ಟ ಅಂದರೆ ಊರಿನದು, ಆಗುಂಬೆ ಅಥವಾ ಚಾರ್ಮಾಡಿ. ವರ್ಷಕ್ಕೊಮ್ಮೆ ರಜೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವಂಥದ್ದು. ಅದೇ ಸಹ್ಯಾದ್ರಿ ಕಲ್ಯಾಣದ ಹಿತ್ತಿಲಲ್ಲೂ ನಿಂತಿದೆ ಎಂಬುದು ಗೊತ್ತಿದ್ದೂ ಗೊತ್ತಿಲ್ಲದ ಸಂಗತಿ.

ಕಲ್ಲು ಮಾತ್ರ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರದ ಮೇಲೆ ಪದರವಾಗಿ ಹರಿದ ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಬಸಾಲ್ಟ್ ಇದು. ಹಾಗಾಗಿಯೇ ಇಲ್ಲಿನ ಬೆಟ್ಟಗಳು ಮಲೆನಾಡಿನ ಗುಡ್ಡಗಳಂತೆ ದುಂಡಗೆ ಹಬ್ಬುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿ, ಮೇಲೆ ಸಪಾಟಾಗಿ ನಿಂತುಬಿಡುತ್ತವೆ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದವರಿಗೆ ಈ ಕಲ್ಲು ಪರಿಚಿತ. ಉಡುಪಿ, ಮಂಗಳೂರಿನವರಿಗೆ ಹೊಸದು.

ನಾವು ಹೋಗದಿದ್ದರೂ ಮಳೆಗಾಲದಲ್ಲಿ ಬೆಟ್ಟವೇ ಕೆಳಗಿಳಿದು ಬರುತ್ತದೆ. ಜುಲೈ ತಿಂಗಳಲ್ಲಿ ಡೊಂಬಿವಲಿ, ಕಲ್ಯಾಣ ನಿಲ್ದಾಣಗಳ ಹೊರಗೆ ಆದಿವಾಸಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಅವರ ಟಾಕ್ಲಾ ಸೊಪ್ಪು ನಮ್ಮ ತುಳುನಾಡಿನ ತಜಂಕ್. ಕಂಟೋಲಿ ಎಂದರೆ ಮಡಹಾಗಲ. ಎಳೆ ಬಿದಿರಿನ ಮೊಳಕೆಯಂತೂ ಕರಾವಳಿಯ ಕಣಿಲೆ, ಮಲೆನಾಡಿನ ಕಳಲೆ. ಪತ್ರೊಡೆಯ ಕೆಸುವಿನೆಲೆಯೂ ಇರುತ್ತದೆ. ಆಟಿಡೊಂಜಿ ದಿನದ ಅಡುಗೆಗೆ ಬೇಕಾದ ಬಹುಪಾಲು ಸಾಮಾನು ಬದಲಾಪುರ, ಮುರಬಾಡದ ಕಾಡಿನದೇ. ಈ ಹೆಂಗಸರು ನಸುಕಿನಲ್ಲಿ ಇಳಿದು ಬಂದ ದಾರಿಯಲ್ಲೇ ನಾವು ರಜೆಯ ದಿನ ಏರಬೇಕಾದದ್ದು.

ಆದರೆ ಜುಲೈಯಲ್ಲಿ ಅಲ್ಲ. ಇಲ್ಲಿ ನನ್ನದೊಂದು ತಕರಾರಿದೆ. ಮುಂಬಯಿ ಸುತ್ತಿನ ಊರುಗಳಲ್ಲಿ ಬೆಟ್ಟ ಸುತ್ತುವುದೆಂದರೆ ಮಳೆಗಾಲದ ಭಾನುವಾರ ಜಲಪಾತದ ಕೆಳಗೆ ನೆನೆಯುವುದು ಎಂದಾಗಿಬಿಟ್ಟಿದೆ. ಖಾರ್ಘರ್‌ನ ಪಾಂಡವಕಡಾ, ಬದಲಾಪುರದ ಕೊಂಡೇಶ್ವರ, ಭಿವಪುರಿ ಎಲ್ಲೆಡೆ ಅದೇ ಜಾತ್ರೆ. ಜೀವ ಹೋದ ಮೇಲೆ ನಿಷೇಧಾಜ್ಞೆ, ನಿಷೇಧಾಜ್ಞೆ ಬಂದ ಮೇಲೆ ಕಳ್ಳದಾರಿ. ಬಸಾಲ್ಟಿನ ಕಡಿದಾದ ಇಳಿಜಾರಿನಲ್ಲಿ ಮಣ್ಣಿನ ಪದರ ತೆಳು, ನೀರು ಇಂಗುವುದಿಲ್ಲ. ಮೇಲೆ ಎಲ್ಲೋ ಜೋರು ಮಳೆ ಬಿದ್ದರೆ ಕೆಳಗೆ ಬಿಸಿಲಿದ್ದರೂ ಹಳ್ಳ ಕೆಲವೇ ನಿಮಿಷಗಳಲ್ಲಿ ಉಕ್ಕುತ್ತದೆ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದು ಹೀಗೇ. ಪ್ರವಾಸಿಗರ ಮಾತು ಬಿಡಿ, ಬೆಟ್ಟದಲ್ಲೇ ಹುಟ್ಟಿ ಬೆಳೆದವರನ್ನೂ ಮಳೆ ಬಿಡಲಿಲ್ಲ. 2023ರ ಜುಲೈ 19ರ ರಾತ್ರಿ ಇರ್ಶಾಳಗಡದ ಮಗ್ಗುಲಿನ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿಯಿತು. 27 ಶವಗಳು ಸಿಕ್ಕವು. ಶೋಧ ನಿಲ್ಲಿಸಿದಾಗ ಇನ್ನೂ 57 ಜನರ ಸುಳಿವಿರಲಿಲ್ಲ.

ಮಳೆ ಹಿಂದೆ ಸರಿದ ಮೇಲೆ ಹೋಗಿ. ಸೆಪ್ಟೆಂಬರ್ ಕೊನೆಗೆ ಬೋಳು ಬಂಡೆಗಳ ಮೇಲೂ ಹಳದಿ ಸೋನ್ಕಿ ಹೂ ಹರಡಿರುತ್ತದೆ. ಅಕ್ಟೋಬರಿನ ಬಿಸಿಲು ಕೆಟ್ಟದ್ದು, ಬೆಳಿಗ್ಗೆ ಹತ್ತರೊಳಗೆ ಇಳಿದುಬಿಡಬೇಕು. ನವೆಂಬರಿನಿಂದ ಫೆಬ್ರುವರಿಯವರೆಗೆ ಮಾತ್ರ ಇಲ್ಲಿ ನಿಜವಾದ ಚಾರಣದ ಕಾಲ. ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ, ಗಾಳಿ ತಣ್ಣಗೆ, ದೂರದ ಶಿಖರವೂ ನಿಚ್ಚಳ. ಆಗ ಜನ ಯಾಕೆ ಬರುವುದಿಲ್ಲ ಎಂದು ಕೇಳಬೇಡಿ. ರೀಲ್ಸ್‌ಗೆ ನೀರು ಬೇಕು.

ಸುಲಭದಲ್ಲಿ ಸುಲಭ ಯಾವುದು ಎಂದು ಕೇಳಿದರೆ ಮಾಥೆರಾನ್ ಎನ್ನುತ್ತೇನೆ. ಅದು ಹಳೆಯ ಹನಿಮೂನ್ ಜಾಗ, ಅಲ್ಲಿ ನೋಡುವುದೇನಿದೆ ಎಂದು ಮೂಗು ಮುರಿಯುವವರು ಪೇಟೆಯನ್ನಷ್ಟೇ ನೋಡಿ ಬಂದವರು. 1850ರ ಮೇ ತಿಂಗಳಲ್ಲಿ ಠಾಣೆಯ ಕಲೆಕ್ಟರ್ ಆಗಿದ್ದ ಹ್ಯೂ ಮ್ಯಾಲೆಟ್ ಕೆಳಗಿನ ಚೌಕ್ ಹಳ್ಳಿಯಿಂದ ಕಾಡುದಾರಿಯಲ್ಲಿ ಏರಿ ಈ ಸಪಾಟು ಬೆಟ್ಟವನ್ನು ಕಂಡ. ಕಂಡದ್ದು ಅವನಿಗಷ್ಟೇ ಹೊಸದು. ದಾರಿ ತೋರಿಸಿದವರು ಊರಿನವರೇ. ಅಂದಾಜು 800 ಮೀಟರ್ ಎತ್ತರ. ಮುಂಬಯಿಯ ಸೆಕೆಗೆ ಬೆಂದ ಇಂಗ್ಲಿಷರು ಬಂಗಲೆ ಕಟ್ಟಿಕೊಂಡರು, ಕಡಿದಂಚುಗಳಿಗೆಲ್ಲ ತಮ್ಮವರ ಹೆಸರಿಟ್ಟರು. ಲೂಯಿಸಾ, ಅಲೆಕ್ಸಾಂಡರ್ ಯಾರ್‍ಯಾರು ಎಂದು ತಲೆಕೆಡಿಸಿಕೊಳ್ಳದೆ ಅಂಚಿನ ಮೇಲೆ ನಿಂತರೆ ಕೆಳಗೆ ಪ್ರಬಲಗಡ, ಕಲಾವಂತಿನ ದುರ್ಗ.

ನೇರಳ್‌ನಿಂದ ಮೇಲೇರುವ ಎರಡಡಿ ಅಗಲದ ಹಳಿಯ ಪುಟ್ಟ ರೈಲನ್ನು 1907ರಲ್ಲಿ ಓಡಿಸಿದವರು ಅಬ್ದುಲ್ ಹುಸೇನ್ ಆದಂಜಿ ಪೀರಭಾಯ್. ಸುಮಾರು 21 ಕಿಲೋಮೀಟರ್ ದಾರಿ. 2005ರ ಜುಲೈ 26ರ ಮಹಾಮಳೆಗೆ ಹಳಿ ಕಿತ್ತುಹೋಗಿ, ಶತಮಾನೋತ್ಸವದ ವರ್ಷ 2007ರಲ್ಲಿ ಮತ್ತೆ ಶುರುವಾಯಿತು. ಮಳೆಗಾಲದಲ್ಲಿ ಕೆಳಗಿನ ಭಾಗ ನಿಲ್ಲುತ್ತದೆ, ಅಮನ್ ಲಾಡ್ಜ್‌ನಿಂದ ಮಾಥೆರಾನ್‌ವರೆಗಿನ ತುಂಡು ಮಾತ್ರ ಓಡುತ್ತದೆ. ರೈಲಿನ ಟಿಕೆಟ್ ಸಿಗದಿದ್ದರೆ ಬೇಜಾರಿಲ್ಲ. ನೇರಳ್ ನಿಲ್ದಾಣದ ಹೊರಗೆ ಶೇರ್ ಟ್ಯಾಕ್ಸಿಗಳು ದಸ್ತೂರಿ ನಾಕಾದವರೆಗೆ ಬಿಡುತ್ತವೆ. ಈ ಏಳೆಂಟು ಕಿಲೋಮೀಟರ್ ರಸ್ತೆಯ ಕಡಿದಾದ ತಿರುವುಗಳಲ್ಲಿ ಹೊಸ ಚಾಲಕರು ಕೈ ನಡುಗಿಸಿಕೊಳ್ಳುತ್ತಾರೆ, ಅದಕ್ಕೇ ಸ್ವಂತ ಕಾರಿಗಿಂತ ಟ್ಯಾಕ್ಸಿ ಮೇಲು. ದಸ್ತೂರಿಯಿಂದ ಮುಂದೆ ಮೋಟಾರು ವಾಹನ ನಿಷೇಧ. 2003ರಲ್ಲಿ ಕೇಂದ್ರ ಸರ್ಕಾರ ಇಡೀ ಮಾಥೆರಾನನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದೂ ಘೋಷಿಸಿತು. ಅಲ್ಲಿಂದ ಹಳಿಯ ಪಕ್ಕದಲ್ಲೇ ಮರಗಳ ನೆರಳಲ್ಲಿ ಮುಕ್ಕಾಲು ಗಂಟೆ ನಡೆದರೆ ಪೇಟೆ. ಅಜ್ಜಿಯಂದಿರೂ ನಡೆಯಬಲ್ಲ ದಾರಿ. ಕೆಳಗೆ ಕಪ್ಪು ಕಲ್ಲಾದರೆ ಮಾಥೆರಾನಿನ ನೆತ್ತಿಯಲ್ಲಿ ಮುರಕಲ್ಲು. ಕೆಂಪು ಧೂಳು ಚಪ್ಪಲಿಗೆ, ಪ್ಯಾಂಟಿನ ಅಂಚಿಗೆ ಮೆತ್ತಿಕೊಂಡಾಗ ಕರಾವಳಿಯವರಿಗೆ ಊರಿನ ಅಂಗಳದ ನೆನಪಾಗದೆ ಇರದು.

ನಡೆಯಲಾಗದವರನ್ನು ಕೈಗಾಡಿಯಲ್ಲಿ ಮನುಷ್ಯರೇ ಎಳೆದೊಯ್ಯುವ ಪದ್ಧತಿ ಇಲ್ಲಿ ಇಪ್ಪತ್ತೊಂದನೇ ಶತಮಾನಕ್ಕೂ ಉಳಿದು ಬಂದಿತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಮಾನವ ಘನತೆಗೆ ಸಲ್ಲದು ಎಂದು ಹೇಳಿ, ಆರು ತಿಂಗಳೊಳಗೆ ನಿಲ್ಲಿಸಿ ಎಳೆಯುವವರಿಗೆ ಇ-ರಿಕ್ಷಾ ಒದಗಿಸುವಂತೆ ಆದೇಶಿಸಿತು. ಬಹಳ ತಡವಾಗಿ ಬಂದ ತೀರ್ಪು.

ಕಾಲಿನಲ್ಲಿ ಸ್ವಲ್ಪ ಕಸುವಿದ್ದವರು ಪನವೇಲ್ ಕಡೆಯ ಧೋದಾಣಿ ಹಳ್ಳಿಯಿಂದ ಮಾಥೆರಾನಿನ ಸನ್‌ಸೆಟ್ ಪಾಯಿಂಟಿಗೆ ಏರಬಹುದು. ಹಳ್ಳಿಗರು ಹಾಲು, ತರಕಾರಿ ಹೊತ್ತು ಏರುವ ಹಳೆಯ ಕಾಲುದಾರಿ ಅದು. ಏರಿದವರು ಅದೇ ದಾರಿಯಲ್ಲಿ ಇಳಿಯಬೇಕಿಲ್ಲ. ಪೇಟೆಯಲ್ಲಿ ಊಟ ಮುಗಿಸಿ, ನೇರಳ್‌ಗೆ ಇಳಿದು, ಲೋಕಲ್ ಹಿಡಿದು ಮನೆ ಸೇರಬಹುದು.

ನವಿ ಮುಂಬಯಿಯವರಿಗೆ ಕರ್ನಾಳಾ ಹತ್ತಿರ. ಪನವೇಲಿನಿಂದ ಗೋವಾ ಹೆದ್ದಾರಿಯಲ್ಲಿ ಹನ್ನೆರಡು ಕಿಲೋಮೀಟರ್ ಹೋದರೆ ರಸ್ತೆಯ ಪಕ್ಕದಲ್ಲೇ ಪಕ್ಷಿಧಾಮದ ಬಾಗಿಲು. 1968ರಲ್ಲಿ ಆದ ಪಕ್ಷಿಧಾಮ. ಮಕ್ಕಳನ್ನು ಕರೆತಂದವರಿಗೆ ಕೆಳಗಿನ ಕಾಡಿನೊಳಗಿನ ಕಾಲುದಾರಿಗಳೇ ಸಾಕು. ಬೆಳಿಗ್ಗೆ ಬೇಗ ಬಂದು ಮಾತು ನಿಲ್ಲಿಸಿದರೆ ಹಕ್ಕಿಗಳು ಕೇಳುತ್ತವೆ. ನಮ್ಮವರಿಗೆ ಕಷ್ಟವಾಗುವುದು ಈ ಎರಡನೆಯದೇ. ಮೇಲೆ ಕೋಟೆಗೆ ಎರಡು ತಾಸಿನ ಹತ್ತುವಿಕೆ. ನೆತ್ತಿಯಲ್ಲಿ ಎತ್ತಿ ಹಿಡಿದ ಹೆಬ್ಬೆರಳಿನ ಹಾಗೆ ನಿಂತ ಕಲ್ಲಿನ ಕಂಬ, ಅದರ ಬುಡದಲ್ಲಿ ಬಂಡೆ ಕೊರೆದು ಮಾಡಿದ ನೀರಿನ ತೊಟ್ಟಿಗಳು. ಕಂಬದ ಸಂದುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಸೆಂಟು ಹಾಕಿಕೊಂಡು, ಕಿರುಚಾಡಿಕೊಂಡು ಹೋಗಬಾರದು.

ಕರ್ನಾಳಾಕ್ಕೆ ಸ್ವಲ್ಪ ಮೊದಲು ಹೆದ್ದಾರಿಯಲ್ಲೇ ಶಿರಢೋಣ ಎಂಬ ಊರು ಸಿಗುತ್ತದೆ. ಬಹುತೇಕ ಕಾರುಗಳು ನಿಲ್ಲುವುದಿಲ್ಲ. ಇಂಗ್ಲಿಷರ ವಿರುದ್ಧ ಬಂಡೆದ್ದ ವಾಸುದೇವ ಬಲವಂತ ಫಡಕೆ 1845ರಲ್ಲಿ ಹುಟ್ಟಿದ ಊರು ಅದು. ಅಜ್ಜ ಅನಂತರಾವ್ ಕರ್ನಾಳಾ ಕೋಟೆಯ ಕಿಲ್ಲೇದಾರ. 1818ರಲ್ಲಿ ಇಂಗ್ಲಿಷರಿಗೆ ಎದುರು ನಿಂತವರು. ಮೊಮ್ಮಗ ಪುಣೆಯಲ್ಲಿ ಮಿಲಿಟರಿ ಲೆಕ್ಕಪತ್ರ ಇಲಾಖೆಯ ಗುಮಾಸ್ತ. 1876–77ರ ಬರದಲ್ಲಿ ಜನ ಸಾಯುವುದನ್ನು ಕಂಡು, ನೌಕರಿ ಬಿಟ್ಟು ರಾಮೋಶಿಗಳ ಪಡೆ ಕಟ್ಟಿದರು. ಬೆನ್ನಟ್ಟಿದ ಸರ್ಕಾರದಿಂದ ತಪ್ಪಿಸಿಕೊಳ್ಳುತ್ತ ಶ್ರೀಶೈಲದ ಮಲ್ಲಿಕಾರ್ಜುನನ ಸನ್ನಿಧಿಗೂ ಹೋಗಿ ಬಂದರು. ಕೊನೆಗೆ 1879ರ ಜುಲೈಯಲ್ಲಿ ಸಿಕ್ಕಿಬಿದ್ದದ್ದು ಎಲ್ಲಿ? ಇಂದಿನ ವಿಜಯಪುರ ಜಿಲ್ಲೆಯ ದೇವರ ನಾವದಗಿಯಲ್ಲಿ, ಜ್ವರದಲ್ಲಿ ಮಲಗಿದ್ದಾಗ. ಏಡನ್‌ನ ಜೈಲಿನಲ್ಲಿ 1883ರಲ್ಲಿ ತೀರಿಕೊಂಡರು. ಕರ್ನಾಳಾದ ನೆರಳಲ್ಲಿ ಶುರುವಾದ ಈ ಕಥೆಯ ಕೊನೆಯ ಓಟ ನಡೆದದ್ದು ಕನ್ನಡದ ನೆಲದಲ್ಲಿ. ಮುಂಬಯಿ ಕನ್ನಡಿಗರ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ.

ಆ ರಸ್ತೆಯೂ ನಮ್ಮದೇ. ಪನವೇಲಿನಲ್ಲಿ ಹುಟ್ಟುವ ರಾಷ್ಟ್ರೀಯ ಹೆದ್ದಾರಿ 66 ಕಾರವಾರ, ಕುಂದಾಪುರ, ಉಡುಪಿ, ಮಂಗಳೂರು, ಕಾಸರಗೋಡು ದಾಟಿ ಕನ್ಯಾಕುಮಾರಿಗೆ ಮುಟ್ಟುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮುಂಚೆ ಊರಿಗೆ ಹೊರಟವರು ಬಸ್ಸಿನಲ್ಲಿ ಒಂದಿಡೀ ದಿನ ಮೈ ನೋಯಿಸಿಕೊಳ್ಳುತ್ತಿದ್ದರು. ಕರ್ನಾಳಾದ ತಿರುವುಗಳನ್ನು ಅರೆನಿದ್ದೆಯಲ್ಲಿ ದಾಟಿದವರು ಎಷ್ಟೋ ಮಂದಿ. ಇಳಿದು ನೋಡಿದವರು ಬೆರಳೆಣಿಕೆ.

ಕಾರಿದ್ದವರಿಗೆ, ಅದರಲ್ಲೂ ಕಲ್ಯಾಣದವರಿಗೆ, ಮಾಳಶೇಜ್ ಘಾಟಿಗಿಂತ ಒಳ್ಳೆಯ ಡ್ರೈವ್ ಇಲ್ಲ. ಮುರಬಾಡ, ಟೋಕಾವಡೆ, ವೈಶಾಖರೆ ದಾಟಿ ರಾಷ್ಟ್ರೀಯ ಹೆದ್ದಾರಿ 61 ಬೆಟ್ಟಕ್ಕೆ ತಿರುಗುತ್ತದೆ. ಅಡೆತಡೆಯಿಲ್ಲದೆ ಹೋದರೆ ಎರಡೂವರೆ ತಾಸು. ಮೇಲೆ ಹೋದ ಮೇಲೆ ಭೂಮಿಯ ನೋಟವೇ ಬದಲು: ಕೊಂಕಣದ ಭತ್ತ ಹೋಗಿ ಜುನ್ನರ್ ಕಡೆಯ ಬಯಲು. ಪಿಂಪಳಗಾಂವ್ ಜೋಗಾ ಜಲಾಶಯದಲ್ಲಿ ರಾಜಹಂಸಗಳು ಇಳಿಯುತ್ತವೆ. ಮಳೆಗಾಲದಲ್ಲಿ ಈ ಘಾಟಿಯಲ್ಲಿ ಕಲ್ಲುಬಂಡೆ ಉರುಳುವುದು ಮಾಮೂಲು, ಮಂಜಿನಲ್ಲಿ ರಸ್ತೆಯ ಮಧ್ಯೆ ಕಾರು ನಿಲ್ಲಿಸಿ ಫೋಟೋ ತೆಗೆಯುವವರಿಂದ ಅದಕ್ಕಿಂತ ಹೆಚ್ಚು ಅಪಾಯ. ಜನವರಿಯಲ್ಲಿ ಹೋದರೆ ದಾರಿಯ ಹತ್ತಿರವೇ ಮ್ಹಸಾದ ಜಾತ್ರೆ. ದನಗಳ ಸಂತೆಗೆ ಹೆಸರಾದದ್ದು.

ವೈಶಾಖರೆಯ ಬಳಿಯಿಂದಲೇ ನಾಣೇಘಾಟಿನ ಕಾಲುದಾರಿ ಏರುತ್ತದೆ. ನಡೆಯಲೊಲ್ಲದವರು ಜುನ್ನರ್ ಕಡೆಯಿಂದ ಸುತ್ತಿಬಂದರೆ ಗಾಡಿ ಘಟ್ಟದ ತುದಿಯವರೆಗೂ ಹೋಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಸೋಪಾರಾ, ಕಲ್ಯಾಣದ ಬಂದರುಗಳಲ್ಲಿ ಇಳಿದ ಸರಕು ಎತ್ತುಗಳ ಬೆನ್ನೇರಿ ಈ ಕಣಿವೆ ದಾಟಿ ಪ್ರತಿಷ್ಠಾನಕ್ಕೆ, ಅಂದರೆ ಪೈಠಣಕ್ಕೆ, ಹೋಗುತ್ತಿತ್ತು. ಸುಂಕದ ಹಣ ಹಾಕುತ್ತಿದ್ದರೆಂದು ಊರವರು ಹೇಳುವ ದೊಡ್ಡ ಕಲ್ಲಿನ ಹಂಡೆ ಈಗಲೂ ಇದೆ. ಪಕ್ಕದ ಗುಹೆಯಲ್ಲಿ ಶಾತವಾಹನರ ರಾಣಿ ನಾಗನಿಕೆಯ ಬ್ರಾಹ್ಮಿ ಶಾಸನ. ಶಾತಕರ್ಣಿಯನ್ನು ದಕ್ಷಿಣಾಪಥಪತಿ ಎಂದು ಕರೆಯುವ, ಮಾಡಿದ ಯಜ್ಞಗಳನ್ನೂ ಕೊಟ್ಟ ಹಸು, ಕುದುರೆ, ಆನೆಗಳ ಲೆಕ್ಕವನ್ನೂ ಅಂಕಿಗಳಲ್ಲಿ ಕೊರೆದ ಶಾಸನ. ಭಾರತದ ಅಂಕಿಗಳ ಚರಿತ್ರೆ ಬರೆಯುವವರೆಲ್ಲ ಇಲ್ಲಿಗೆ ಬರಲೇಬೇಕು. ಕಲಬುರಗಿಯ ಸನ್ನತಿ, ಉತ್ತರ ಕನ್ನಡದ ಬನವಾಸಿಯವರೆಗೆ ಗುರುತು ಬಿಟ್ಟ ಅದೇ ಶಾತವಾಹನರು.

ಮಾಹುಲಿಯ ಕೋಟೆ ಹತ್ತುವುದು ಸುಲಭವಲ್ಲ, ಎತ್ತರ ಸುಮಾರು 850 ಮೀಟರ್. ಮನೆಮಂದಿಯೊಂದಿಗೆ ಹೋದರೆ ಆಸನ್‌ಗಾಂವ್‌ನಲ್ಲಿ ಇಳಿದು, ರಿಕ್ಷಾ ಹಿಡಿದು, ಬುಡದ ಹಳ್ಳಿಯ ಸುತ್ತಿನ ಕಾಡಿನಲ್ಲಿ ಅಡ್ಡಾಡಿ ಬಂದರೆ ಸಾಕು. 1636ರಲ್ಲಿ ನಿಜಾಮಶಾಹಿಯ ಬಾಲಕ ದೊರೆಯನ್ನು ಇಟ್ಟುಕೊಂಡು ಶಹಾಜಿ ಭೋಸಲೆ ಕೊನೆಯ ಹೋರಾಟ ಮಾಡಿದ್ದು ಈ ಕೋಟೆಯಿಂದ. ಮೊಗಲರ ಜೊತೆಗೂಡಿ ಮುತ್ತಿದ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್. ಶಹಾಜಿ ಶರಣಾಗಿ ಆದಿಲಶಾಹಿಯ ಸೇವೆಗೆ ಸೇರಿದರು. ಎರಡು ವರ್ಷಗಳಲ್ಲಿ ಅದೇ ರಣದುಲ್ಲಾ ಖಾನ್ ಜೊತೆ ದಕ್ಷಿಣಕ್ಕೆ ದಂಡೆತ್ತಿ ಬಂದು, ಕೆಂಪೇಗೌಡರ ವಂಶದ ಕೈಯಿಂದ ಹೋದ ಬೆಂಗಳೂರನ್ನು ಜಹಗೀರಾಗಿ ಪಡೆದರು. 1664ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡದ್ದು ಚನ್ನಗಿರಿ ಹತ್ತಿರದ ಹೊದಿಗೆರೆಯಲ್ಲಿ, ಸಮಾಧಿ ಇದೆ. ಮಾಹುಲಿಯ ಮುತ್ತಿಗೆ ಬೇರೆ ರೀತಿ ಮುಗಿದಿದ್ದರೆ ಬೆಂಗಳೂರಿನ ಚರಿತ್ರೆಯೂ ಬೇರೆಯಾಗುತ್ತಿತ್ತೇನೋ. ಕಸಾರಾ ಲೋಕಲ್‌ನಲ್ಲಿ ಕೂತು ಹೀಗೆಲ್ಲ ಯೋಚಿಸಿದರೆ ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ಇರಲಿ.

ಮಲಂಗಗಡಕ್ಕೆ ಕಲ್ಯಾಣದಿಂದ ಬಸ್ಸಿದೆ, ಮೆಟ್ಟಿಲುಗಳಿವೆ. ಹಾಜಿ ಮಲಂಗರ ದರ್ಗಾ ಎಂದು ಬರುವವರೂ ಮಚ್ಛಿಂದ್ರನಾಥರ ಸಮಾಧಿ ಎಂದು ಬರುವವರೂ ಒಂದೇ ಮೆಟ್ಟಿಲು ಹತ್ತುತ್ತಾರೆ. ವಾದ ವ್ಯಾಜ್ಯಗಳೂ ಇವೆ. ಬಾಬಾಬುಡನ್‌ಗಿರಿಯನ್ನು ಬಲ್ಲ ನಮಗೆ ಬಿಡಿಸಿ ಹೇಳಬೇಕಿಲ್ಲ. ಠಾಣೆಯ ಯೇವೂರು ಬೆಳಗಿನ ನಡಿಗೆಯ ಜಾಗ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪೂರ್ವದ ಮಗ್ಗುಲು. ಎಂಟು ವರ್ಷಕ್ಕೊಮ್ಮೆ ಅರಳುವ ಕಾರ್ವಿ ಈ ಕಾಡಿನಲ್ಲಿ 2024ರಲ್ಲಿ ಅರಳಿತ್ತು, ಇನ್ನು 2032. ಆಚೆ ಬದಿಯ ಬೊರಿವಲಿಯಿಂದ ಹೋದರೆ ಕಾನ್ಹೇರಿ ಗುಹೆಗಳು. ಅಲ್ಲಿನ ಒಂಬತ್ತನೇ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ, ಕವಿರಾಜಮಾರ್ಗದ ನೃಪತುಂಗನೇ. ಕೊಂಕಣದ ಶಿಲಾಹಾರರು ಅವನ ಸಾಮಂತರು.

ಬೆಟ್ಟಗಳು ಹೀಗೇ ಇರುತ್ತವೆಂದು ನಂಬಿ ಕೂರುವ ಹಾಗಿಲ್ಲ. ನವಿ ಮುಂಬಯಿ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಬೆಟ್ಟವನ್ನು ಸ್ಫೋಟಿಸಿ ಸಮತಟ್ಟು ಮಾಡಲಾಯಿತು. ವಿಮಾನ ಹಾರಿದ್ದು 2025ರಲ್ಲಿ. ಪಾರ್ಸಿಕ್ ಸಾಲಿನ ಮೈಮೇಲೆ ಕಲ್ಲುಗಣಿಗಳ ಗಾಯ ಎದ್ದು ಕಾಣುತ್ತದೆ. ಠಾಣೆ–ಬೊರಿವಲಿ ನಡುವೆ ರಾಷ್ಟ್ರೀಯ ಉದ್ಯಾನದ ಕೆಳಗೆ ಜೋಡಿ ಸುರಂಗಕ್ಕೆ 2024ರಲ್ಲಿ ಭೂಮಿಪೂಜೆಯಾಗಿದೆ. ನಮ್ಮ ಫ್ಲ್ಯಾಟುಗಳ ಜಲ್ಲಿಯೂ ಎಲ್ಲಿಂದಲೋ ಬಂದದ್ದೇ. ಹಾಗೆಂದು ಸುಮ್ಮನಿರುವುದೂ ಸರಿಯಲ್ಲ. ಬೆಟ್ಟ ಹತ್ತಿದ ಜನ ಹೆಚ್ಚಿದಷ್ಟೂ ಅದರ ಪರ ಮಾತಾಡುವವರೂ ಹೆಚ್ಚುತ್ತಾರೆ ಎಂಬುದು ನನ್ನ ಅಂದಾಜು.

ಹೊರಡುವವರಿಗೆ ನಾಲ್ಕು ಮಾತು. ಭಾನುವಾರ ಮೆಗಾಬ್ಲಾಕ್ ಇದೆಯೇ ನೋಡಿಕೊಳ್ಳಿ. ಶನಿವಾರವೇ ಹೋದರೆ ಇನ್ನೂ ಒಳ್ಳೆಯದು. ಕರ್ಜತ್, ಕಸಾರಾ ಕಡೆಯ ಲೋಕಲ್‌ಗಳು ವಿರಳ, ಮರಳುವ ಗಾಡಿಯ ಹೊತ್ತು ತಿಳಿದುಕೊಂಡೇ ಹತ್ತಿ. ಬುಡದ ಹಳ್ಳಿಯಲ್ಲಿ ಬೆಳಿಗ್ಗೆಯೇ ಹೇಳಿಟ್ಟರೆ ಇಳಿದು ಬರುವಷ್ಟರಲ್ಲಿ ಪಿಠಲೆ, ಅಕ್ಕಿಹಿಟ್ಟಿನ ಬಿಸಿ ಭಾಕರಿ ಸಿದ್ಧವಿರುತ್ತದೆ. ಆ ದುಡ್ಡು ಆ ಮನೆಗೆ ಸೇರಲಿ. ಮನೆಯಿಂದ ಕಟ್ಟಿಕೊಂಡು ಹೋದದ್ದರ ಪ್ಲಾಸ್ಟಿಕ್ ಮನೆಗೇ ವಾಪಸು ಬರಲಿ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನದೊಂದು ಬಿನ್ನಹವಿದೆ. ಈ ವರ್ಷದ ಪಿಕ್ನಿಕ್ಕಿಗೆ ರೆಸಾರ್ಟ್, ವಾಟರ್ ಪಾರ್ಕ್ ಬೇಡ. ಡಿಸೆಂಬರಿನಲ್ಲಿ ಒಂದು ಬಸ್ ಮಾಡಿ, ಮಕ್ಕಳನ್ನು ಮೊದಲು ಶಿರಢೋಣದಲ್ಲಿ ಇಳಿಸಿ, ಆಮೇಲೆ ಕರ್ನಾಳಾ ಹತ್ತಿಸಿ. ದೇವರ ನಾವದಗಿಯ ಕಡೆಯವರು ಯಾರಾದರೂ ಸಂಘದಲ್ಲಿದ್ದರೆ ಫಡಕೆಯ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ.